ಸೂರಕ್ಕಿ ಗೂಡು ಕಟ್ಟಿದೆ, ಕುಂಚ ಮುಟ್ಟೋಕೆ ಮನಸ್ಸಿಲ್ಲ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 61 ವರ್ಷ. ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ನೌಕರಿಯಿಂದ ನಿವೃತ್ತಿಯಾದ ಮೇಲೆ ಮಾಳಿಗೆ ಮೇಲೆ ನಲವತ್ತು ಕುಂಡ ಇಟ್ಟು ಕೈತೋಟ ಮಾಡಿದ್ದೇನೆ. ಶಾಲೆಯ ದಿನಗಳಲ್ಲಿ ಬಿಟ್ಟಿದ್ದ ಚಿತ್ರ ಬರೆಯೋದನ್ನೂ ಮತ್ತೆ ಶುರು ಮಾಡಿದೆ. ಫೋನಿನಲ್ಲಿ ಹಕ್ಕಿಗಳ ಫೋಟೊ ನೋಡಿ ಬರೆಯುತ್ತೇನೆ. ಯಾವುದೂ ಸರಿ ಬರೋದಿಲ್ಲ. ನಮ್ಮ ದೇವರ ಕೋಣೆಯಲ್ಲಿ ಚಿತ್ರಕಾರ ಎಸ್.ಎಂ. ಪಂಡಿತರ ಹಳೇ ಕ್ಯಾಲೆಂಡರ್ ಚಿತ್ರವೊಂದಿದೆ. ಅದನ್ನು ನೋಡಿದ ಮೇಲೆ ನನ್ನ ಹಾಳೆ ನೋಡೋಕೆ ಮನಸ್ಸಾಗೋದಿಲ್ಲ. ಎರಡು ತಿಂಗಳಾಯಿತು, ಕುಂಚ ಮುಟ್ಟಿಲ್ಲ. ಇನ್ನೊಂದು ಮಾತು. ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಸೂರಕ್ಕಿ, ಅಂದರೆ ಹೂವಿನ ಮಕರಂದ ಕುಡಿಯೋ ಪುಟ್ಟ ಹಕ್ಕಿ, ಗೂಡು ಕಟ್ಟಿದೆ. ಅಡ್ಡ ಆಗುತ್ತದೆ, ದಾಳಿಂಬೆ ಗಿಡಕ್ಕೆ ಕಟ್ಟಿಬಿಡೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ: ಮೊದಲು ಗೂಡಿನ ಮಾತು. ಅದು ಅವಸರದ್ದು. ದಯವಿಟ್ಟು ಸರಿಸಬೇಡಿ ತಂಗಿ. ಹಕ್ಕಿ ತಾನು ಕಟ್ಟಿದ ಜಾಗಕ್ಕೇ ವಾಪಸ್ ಬರುತ್ತದೆ. ಗೂಡು ಅಲ್ಲಿಲ್ಲ ಅಂದರೆ ಮೊಟ್ಟೆ, ಮರಿ ಎರಡೂ ಕೈಬಿಟ್ಟ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸೋದನ್ನೂ ಬೇಟೆ ಅಂತಲೇ ಎಣಿಸಿದ್ದಾರೆ. ನಿಮ್ಮ ಮನೆಯವರಿಗೆ ಹೇಳಿ, ಇದು ಹೆಚ್ಚು ದಿನದ ಮಾತಲ್ಲ. ಮೊಟ್ಟೆ ಇಟ್ಟಿದ್ದರೆ ಸುಮಾರು ಹದಿನೈದು ದಿನ ಕಾವು, ಮರಿ ಹಾರೋಕೆ ಮತ್ತೆ ಅಷ್ಟೇ ದಿನ. ಒಂದು ತಿಂಗಳು ಬಟ್ಟೆಗೆ ಬೇರೆ ಹಗ್ಗ ಕಟ್ಟಿಕೊಳ್ಳಿ.

ಇನ್ನು ಪಂಡಿತರ ಚಿತ್ರ. ಅವರು 1916ರಲ್ಲಿ ನಮ್ಮ ಕಲಬುರಗಿಯಲ್ಲೇ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಬರೆದು ದೇಶದ ಮನೆಮನೆಗೆ ತಲುಪಿದವರು. ಅದು ಇಡೀ ಜೀವಮಾನದ ದುಡಿಮೆ. ಆ ಚಿತ್ರಕ್ಕೆ ಕೈ ಮುಗಿಯಿರಿ, ನಾನೂ ಮುಗಿಯುತ್ತೇನೆ. ಪಕ್ಕದಲ್ಲಿ ನಿಮ್ಮ ಹಾಳೆ ಇಟ್ಟು ತೂಗೋದು ಮಾತ್ರ ಬೇಡ.

ನಿಮ್ಮ ತೊಂದರೆ ಫೋಟೊದಿಂದಲೇ ಶುರುವಾಗಿದೆ ಅಂತ ನನಗೆ ಅನ್ನಿಸುತ್ತದೆ. ಫೋಟೊದಲ್ಲಿ ನೋಡೋ ಕೆಲಸವನ್ನು ಬೇರೆ ಯಾರೋ ಮುಗಿಸಿರುತ್ತಾರೆ. ನಮಗೆ ಉಳಿಯೋದು ನಕಲು. ನಕಲು ಅಂದ ಮೇಲೆ ಹೋಲುತ್ತದೋ ಇಲ್ಲವೋ ಅನ್ನೋ ಲೆಕ್ಕ ಬಂದೇ ಬರುತ್ತದೆ, ಅಲ್ವಾ?

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದವಳು ನಾನು. ನೂರಾರು ಸಲ ಹಲಗೆ ಮೇಲೆ ಹಕ್ಕಿ ಬರೆದಿದ್ದೇನೆ. ನಿವೃತ್ತಿಯಾದ ವರ್ಷ ಬ್ರಹ್ಮಪುರದ ನಮ್ಮ ಮನೆ ಅಂಗಳದಲ್ಲಿ ಗಾದಿ ಬಿಚ್ಚಿ ಹತ್ತಿ ಹಿಂಜಿಸಿದ್ದೆವು. ಮೂಲೆಯಲ್ಲಿ ಒಂದಿಷ್ಟು ಅರಳೆ ಬಿದ್ದಿತ್ತು. ಮರುದಿನ ಒಂದು ಸಿಂಪಿಗ ಹಕ್ಕಿ ಬಂತು. ಹೆಬ್ಬೆರಳಿನಷ್ಟು ಮೈ, ಬೆನ್ನು ಹಸಿರು, ನೆತ್ತಿ ತುಕ್ಕಿನ ಬಣ್ಣ, ಬಾಲ ಸೆಟೆದು ನಿಂತಿದೆ. ಕೊಕ್ಕಿನಲ್ಲಿ ಅರಳೆ ಹಿಡಿದು ಅಂಜೂರದ ಗಿಡದೊಳಗೆ ಹೋಯಿತು. ಅಡುಗೆಮನೆ ಕಿಟಕಿಯಿಂದ ನೋಡುತ್ತಾ ನಿಂತೆ. ಒಂದು ದೊಡ್ಡ ಎಲೆಯ ಎರಡೂ ಅಂಚು ಹತ್ತಿರ ಎಳೆದು, ಕೊಕ್ಕಿನಿಂದ ಸಣ್ಣ ತೂತು ಮಾಡಿ, ಅದರಲ್ಲಿ ಹತ್ತಿ ಎಳೆ ತೂರಿಸುತ್ತಿತ್ತು. ಹೊರಗೆ ಬಂದ ಎಳೆಯ ತುದಿ ಅರಳಿ ಗುಂಡಿಯ ಹಾಗೆ ಕೂರುತ್ತಿತ್ತು. ಗಂಟು ಹಾಕಿರಲಿಲ್ಲ, ಆದರೂ ಜಾರಲಿಲ್ಲ. ತೂತು ಎಷ್ಟು ಸಣ್ಣದು ಅಂದರೆ ಎಲೆ ಬಾಡಲಿಲ್ಲ, ಹಸಿರಾಗೇ ಉಳಿಯಿತು. ಒಲೆ ಮೇಲಿನ ಬೇಳೆ ಹೊತ್ತಿದ್ದೂ ಗೊತ್ತಾಗಲಿಲ್ಲ ನನಗೆ. ಮೊಮ್ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆವತ್ತು ಏಳು ಗೆರೆಚಿತ್ರ ಬರೆದೆ. ಒಂದೂ ಪೂರ್ತಿ ಆಗಲಿಲ್ಲ. ಒಂದರಲ್ಲಿ ಬಾಲ ಅಷ್ಟೇ ಇದೆ. ಇವತ್ತಿಗೂ ನನಗೆ ತುಂಬಾ ಇಷ್ಟವಾದ ಹಾಳೆಗಳು ಅವು.

ಆದರೆ ಅಲ್ಲೇ ಒಂದು ತಪ್ಪನ್ನೂ ಮಾಡಿದೆ. ಮೊಟ್ಟೆಯ ಬಣ್ಣ ನೋಡಬೇಕು ಅಂತ ಮೂರು ದಿನ ಹತ್ತಿರ ಹೋಗಿ ಎಲೆ ಸರಿಸಿ ಇಣುಕಿದೆ. ತಿಳಿ ನೀಲಿ ಮೇಲೆ ಕಂದು ಚುಕ್ಕಿ, ಮೂರು ಮೊಟ್ಟೆ. ನಾಲ್ಕನೇ ದಿನ ಗೂಡು ಹರಿದಿತ್ತು, ಒಳಗೆ ಏನೂ ಇರಲಿಲ್ಲ. ಎದುರಿನ ಬೇವಿನ ಮರದಲ್ಲಿ ಕೂತಿದ್ದ ಕಾಗೆಗೆ ನನ್ನ ಕೈಯೇ ದಾರಿ ತೋರಿಸಿತು ಅಂತ ನಾನು ನಂಬಿದ್ದೇನೆ. ಹಕ್ಕಿ ಎರಡು ದಿನ ಅದೇ ಕೊಂಬೆಗೆ ಬಂದು ಕೂಗಿ ಹೋಯಿತು. ಆ ಕೂಗು ನನಗೆ ಇನ್ನೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ಹದಿನೈದು ಅಡಿಗಿಂತ ಹತ್ತಿರ ಹೋಗಬೇಡಿ. ಹಕ್ಕಿ ಬಾಯಲ್ಲಿ ಹುಳ ಹಿಡಿದು ಗೂಡಿಗೆ ಹೋಗದೆ ದೂರದಲ್ಲೇ ಚಿಪ್ ಚಿಪ್ ಅಂತಿದ್ದರೆ, ನೀವು ಜಾಸ್ತಿ ಹತ್ತಿರ ಕೂತಿದ್ದೀರಿ ಅಂತ ಅರ್ಥ. ಸುಮ್ನೆ ಎದ್ದು ಹಿಂದೆ ಸರಿಯಿರಿ.

ಈಗ ನಿಮ್ಮ ಸೂರಕ್ಕಿ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಮಾಳಿಗೆ ಮೆಟ್ಟಿಲಿನ ಬಾಗಿಲ ಮರೆಯಲ್ಲಿ ಕುರ್ಚಿ ಹಾಕಿ ಕೂತುಕೊಳ್ಳಿ. ಪೆನ್ಸಿಲ್ಲು, ಒಂದು ಪುಸ್ತಕ ಸಾಕು. ಹಕ್ಕಿ ನಿಲ್ಲೋದಿಲ್ಲ, ಅದಕ್ಕೆ ಮೊದಲು ಗೂಡು ಬರೆಯಿರಿ. ಹಗ್ಗದಲ್ಲಿ ಬಟ್ಟೆ ಕ್ಲಿಪ್ ಇದ್ದರೆ ಅದನ್ನೂ ಬರೆಯಿರಿ. ಗೂಡು ಎಷ್ಟು ಕ್ಲಿಪ್ ಉದ್ದ ಇದೆ ಅಂತ ಕಣ್ಣಲ್ಲೇ ಅಳೆಯಿರಿ. ಆಮೇಲೆ ಅದರ ಮೈ ನೋಡಿ. ದೂರದಿಂದ ಕಸದ ಗೊಂಚಲು ಜೋತುಬಿದ್ದ ಹಾಗೆ ಕಾಣುತ್ತದೆ. ತೊಗಟೆ ಚೂರು, ಒಣ ಎಲೆ, ಹುಳದ ಹಿಕ್ಕೆ, ಎಲ್ಲವನ್ನೂ ಜೇಡರ ಬಲೆಯಿಂದ ಬಿಗಿದಿರುತ್ತದೆ. ಪಕ್ಕದಲ್ಲಿ ಬಾಗಿಲು, ಅದರ ಮೇಲೆ ಪುಟ್ಟ ಛಜ್ಜಾ. ಇಷ್ಟನ್ನೂ ಕಟ್ಟಿದ್ದು ಹೆಣ್ಣು ಒಂದೇ. ಕಾವು ಕೂರೋದೂ ಅದೇ. ಗಂಡು ತಂತಿ ಮೇಲೆ ಕೂತು ಹಾಡುತ್ತದೆ, ಮರಿಯಾದ ಮೇಲೆ ಉಣಿಸೋಕೆ ಬರುತ್ತದೆ.

ಬಣ್ಣ ಹಚ್ಚುವಾಗ ಒಂದು ಮಾತು ನೆನಪಿಡಿ. ಗಂಡು ಪೂರ್ತಿ ಕಪ್ಪಾಗಿ ಕಂಡರೂ ಕಪ್ಪು ಟ್ಯೂಬ್ ತೆಗೆಯಬೇಡಿ. ಅದು ಬಿಸಿಲಿಗೆ ತಿರುಗಿದ ಕೂಡಲೇ ನೀಲಿ, ನೇರಳೆ ಮಿಂಚುತ್ತದೆ. ಗರಿಯ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವ ಹೊಳಪು ಅದು. ಅಲ್ಟ್ರಾಮರೀನ್ ನೀಲಿಗೆ ಕ್ರಿಮ್ಸನ್ ಕೆಂಪು ಬೆರೆಸಿ, ಚೂರು ಬರ್ನ್ಟ್ ಅಂಬರ್ ಕಂದು ಹಾಕಿದರೆ ಆಳವಾದ ಗಾಢ ಬಣ್ಣ ಸಿಗುತ್ತದೆ. ಭುಜದ ಮೇಲೆ ಒಂದು ಗೆರೆಯಷ್ಟು ಜಾಗ ಬಿಳಿ ಹಾಳೆಯಾಗೇ ಬಿಡಿ. ಹೆಣ್ಣಿನ ಬೆನ್ನು ಮಣ್ಣು ಕಂದು, ಹೊಟ್ಟೆ ತಿಳಿ ಹಳದಿ. ನನಗಂತೂ ಹೆಣ್ಣೇ ಹೆಚ್ಚು ಚೆಂದ.

ತೋಟಕ್ಕೆ ಈ ತಿಂಗಳು ಔಷಧ ಹೊಡೆಯಬೇಡಿ. ಬೆಳೆದ ಸೂರಕ್ಕಿ ಮಕರಂದ ಕುಡಿದರೂ ಮರಿಗಳಿಗೆ ಹುಳ, ಜೇಡ ಬೇಕು. ಮಾಳಿಗೆ ಮೂಲೆಯ ಜೇಡರ ಬಲೆಗೂ ಕಸಬರಿಗೆ ಹಾಕಬೇಡಿ, ಗೂಡಿನ ದಾರ ಅಲ್ಲಿಂದಲೇ ಬರೋದು. ದಾಸವಾಳದ ಹೂವಿನ ಬುಡದಲ್ಲಿ ಸಣ್ಣ ತೂತು ಕಂಡರೆ ಹುಳ ಬಿದ್ದಿದೆ ಅಂತ ಗಾಬರಿ ಬೇಡ. ಸೂರಕ್ಕಿ ಅಲ್ಲಿಂದಲೂ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಒಂದು ಮಣ್ಣಿನ ತಟ್ಟೆಯಲ್ಲಿ ನೆರಳಿಗೆ ನೀರಿಡಿ, ದಿನಾ ಬದಲಾಯಿಸಿ.

ಮರಿ ತಲೆ ಹೊರಹಾಕಿದ ದಿನ ನೀವು ಬರೆದ ಹಾಳೆ ನನಗೆ ಕಳಿಸಿ. ಅರ್ಧ ಆಗಿದ್ದರೂ ಕಳಿಸಿ.

ಪ್ರಶ್ನೆ: ಮೇಡಂ, ನಾನು ಯಾದಗಿರಿಯ ಪಿಯುಸಿ ವಿದ್ಯಾರ್ಥಿ. ಬೇಸಿಗೆಯಲ್ಲಿ ಜಲವರ್ಣ ಹಚ್ಚಿದ ಕೂಡಲೇ ಒಣಗಿ, ಆಕಾಶದ ತುಂಬಾ ಗೆರೆ ಗೆರೆ ಬೀಳುತ್ತದೆ. ಏನು ಮಾಡಲಿ?

ಉತ್ತರ: ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಎಲ್ಲರಿಗೂ ಹೀಗೇ ಆಗುತ್ತದಪ್ಪಾ. ಫ್ಯಾನ್ ಕೆಳಗೆ ಬರೆಯಬೇಡ. ಹಾಳೆಯ ಎರಡೂ ಬದಿ ನೀರು ಸವರು, ಅಡಿಯಲ್ಲಿ ಒದ್ದೆ ಹತ್ತಿ ಬಟ್ಟೆ ಹಾಸು. ಅರ್ಧ ಲೋಟ ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿದರೆ ಬಣ್ಣ ನಿಧಾನಕ್ಕೆ ಒಣಗುತ್ತದೆ. ಜಾಸ್ತಿ ಹಾಕಿದರೆ ಅಂಟಂಟಾಗಿ ಉಳಿಯುತ್ತದೆ, ಹುಷಾರು. 300 ಜಿಎಸ್‌ಎಂ ಅಂತ ಬರೆದಿರೋ ದಪ್ಪ ಹಾಳೆ ಸಿಕ್ಕರೆ ಒಳ್ಳೇದು. ಆಕಾಶಕ್ಕೆ ಬೇಕಾದಷ್ಟು ಬಣ್ಣ ಮೊದಲೇ ಕಲಸಿಟ್ಟುಕೊಂಡು, ದೊಡ್ಡ ಕುಂಚದಿಂದ ಮೇಲಿನಿಂದ ಕೆಳಗೆ ನಿಲ್ಲಿಸದೆ ಎಳೆ. ನಡುವೆ ಬಣ್ಣ ಕಲಸೋಕೆ ಹೋದರೆ ಗೆರೆ ಬೀಳೋದು ಅಲ್ಲೇ.