8-ಬಾಲ್ ಪೂಲ್: ಕಪ್ಪು ಚೆಂಡಿಗೆ ಹೊಡೆಯುವಾಗ ಬಿಳಿ ಪಾಕೆಟ್‌ಗೆ ಬಿದ್ದರೆ ಗೇಮ್ ಹೋದಂತೆಯೇ? ನಮ್ಮ ಕ್ಲಬ್‌ನಲ್ಲಿ ಇದೇ ಜಗಳ, ಲೀಗ್‌ಗೆ ಸರಿಯಾದ ನಿಯಮ ಯಾವುದು?

ಕಪ್ಪು (8 ನಂಬರಿನ ಚೆಂಡು) ಬೀಳದೆ ಬಿಳಿ (ಕೋಲಿನಿಂದ ಹೊಡೆಯುವ ಚೆಂಡು) ಮಾತ್ರ ಬಿದ್ದರೆ ಗೇಮ್ ಹೋಗುವುದಿಲ್ಲ. ಅದು ಬರೀ ಫೌಲ್. ಎದುರಾಳಿಗೆ ಬಾಲ್ ಇನ್ ಹ್ಯಾಂಡ್ ಸಿಗುತ್ತದೆ (ಬಿಳಿಯನ್ನು ಬೇಕಾದಲ್ಲಿ ಇಟ್ಟು ಹೊಡೆಯಬಹುದು), ಆಟ ಮುಂದುವರಿಯುತ್ತದೆ. ಎರಡೂ ಬಿದ್ದರೆ ಸೋಲು. ನಿಮ್ಮ ಕ್ಲಬ್‌ನಲ್ಲಿ ಜಗಳ ಆಗುತ್ತಿರುವುದು ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದ.

ಡಬ್ಲ್ಯೂಪಿಎ (ಪೂಲ್ ಆಟದ ವಿಶ್ವ ಸಂಸ್ಥೆ) ನಿಯಮದ ಪ್ರಕಾರ ಗೇಮ್ ಕೈತಪ್ಪುವುದು ನಾಲ್ಕೇ ಸಂದರ್ಭದಲ್ಲಿ: ಫೌಲ್ ಮಾಡುತ್ತಾ 8 ಅನ್ನು ಪಾಟ್ ಮಾಡಿದರೆ (ಪಾಕೆಟ್‌ಗೆ ಬೀಳಿಸಿದರೆ), ನಿಮ್ಮ ಗುಂಪಿನ (ಪೂರ್ತಿ ಬಣ್ಣದ ಸಾಲಿಡ್ ಅಥವಾ ಪಟ್ಟೆಯ ಸ್ಟ್ರೈಪ್) ಏಳೂ ಚೆಂಡು ಮುಗಿಯುವ ಮೊದಲೇ ಅದು ಬಿದ್ದರೆ, ಹೇಳಿದ್ದು ಬಿಟ್ಟು ಬೇರೆ ಪಾಕೆಟ್‌ಗೆ ಹೋದರೆ, ಇಲ್ಲವೇ ಅದು ಮೇಜಿನಿಂದ ಹೊರಗೆ ಹಾರಿದರೆ. ಕೊನೆಯ ಸಾಲಿಡ್ ಮತ್ತು 8 ಒಂದೇ ಹೊಡೆತಕ್ಕೆ ಬಿದ್ದರೂ ಸೋಲೇ. ಬ್ರೇಕ್‌ಗೆ (ಆಟ ಶುರುಮಾಡುವ ಮೊದಲ ಹೊಡೆತಕ್ಕೆ) ಮಾತ್ರ ಇದು ಯಾವುದೂ ಅನ್ವಯಿಸುವುದಿಲ್ಲ. ಬ್ರೇಕ್‌ನಲ್ಲಿ 8 ಬಿದ್ದರೆ ಗೆದ್ದಂತೆಯೂ ಅಲ್ಲ, ಸೋತಂತೆಯೂ ಅಲ್ಲ. ಫೌಲ್ ಆಗದಿದ್ದರೆ, ಬ್ರೇಕ್ ಮಾಡಿದವರು 8 ಅನ್ನು ಸ್ಪಾಟ್ (ಮೇಜಿನ ಮೇಲಿನ ಗುರುತು) ಮೇಲಿಟ್ಟು ಆಟ ಮುಂದುವರಿಸಬಹುದು ಅಥವಾ ಮತ್ತೆ ಬ್ರೇಕ್ ಮಾಡಬಹುದು.

ಬ್ರೇಕ್ ಬಗ್ಗೆ ಇನ್ನೆರಡು ಮಾತು. ಒಂದು ಚೆಂಡಾದರೂ ಬೀಳಬೇಕು, ಇಲ್ಲವೇ ಕನಿಷ್ಠ ನಾಲ್ಕು ಚೆಂಡು ಕುಷನ್ (ಮೇಜಿನ ಅಂಚಿನ ರಬ್ಬರ್ ಪಟ್ಟಿ) ಮುಟ್ಟಬೇಕು. ಬ್ರೇಕ್‌ನಲ್ಲಿ ಮೂರು ಸ್ಟ್ರೈಪ್ ಬಿದ್ದರೂ ನಿಮ್ಮ ಗುಂಪು ಇನ್ನೂ ಗೊತ್ತಾಗಿರುವುದಿಲ್ಲ. ಆಮೇಲೆ ಹೇಳಿ ಪಾಟ್ ಮಾಡಿದ ಮೊದಲ ಚೆಂಡೇ ಅದನ್ನು ತೀರ್ಮಾನಿಸುತ್ತದೆ.

ಬೆಂಗಳೂರಿನ ಪಾರ್ಲರ್‌ಗಳಲ್ಲಿ ಸ್ನೂಕರ್ ಆಡಿ ಪೂಲ್‌ಗೆ ಬಂದವರು ಬಹಳ. ತಕರಾರು ಹುಟ್ಟುವುದು ಅಲ್ಲಿಂದಲೇ. ಸ್ನೂಕರ್‌ನಲ್ಲಿ ಚೆಂಡಿಗೆ ಮೆಲ್ಲಗೆ ತಾಗಿಸಿ ಅಲ್ಲೇ ನಿಲ್ಲಿಸಿದರೆ ಒಳ್ಳೆಯ ಸೇಫ್ಟಿ (ಎದುರಾಳಿಗೆ ಕಷ್ಟವಾಗಲೆಂದು ಆಡುವ ಹೊಡೆತ). ಪೂಲ್‌ನಲ್ಲಿ ಅದು ಫೌಲ್. ಬಿಳಿ ನಿಮ್ಮ ಚೆಂಡಿಗೆ ತಾಗಿದ ಮೇಲೆ ಯಾವುದಾದರೂ ಒಂದು ಚೆಂಡು ಬೀಳಬೇಕು ಅಥವಾ ಕುಷನ್ ಮುಟ್ಟಬೇಕು. ಅದು ಬಿಳಿಯೇ ಆದರೂ ಸರಿ. ತಾಗುವ ಮೊದಲು ಬಿಳಿ ಎರಡು ಕುಷನ್ ಸುತ್ತಿ ಬಂದಿದ್ದರೂ ಲೆಕ್ಕಕ್ಕಿಲ್ಲ. ಚೆಂಡು ಮೊದಲೇ ಕುಷನ್‌ಗೆ ಅಂಟಿಕೊಂಡಿದ್ದರೆ ಅದನ್ನು ಅಲ್ಲೇ ಒತ್ತಿದರೂ ಸಾಲದು. ಅದು ಕುಷನ್ ಬಿಟ್ಟು ಮತ್ತೆ ಬಂದು ತಾಗಬೇಕು, ಬೇರೆ ಕುಷನ್‌ಗೆ ಹೋಗಬೇಕು, ಇಲ್ಲವೇ ಇನ್ನೊಂದು ಚೆಂಡು ಕುಷನ್ ಮುಟ್ಟಬೇಕು. ಅಂಟಿದೆಯೋ ಇಲ್ಲವೋ ಎಂದು ಹೊಡೆಯುವ ಮುಂಚೆಯೇ ಇಬ್ಬರೂ ಬಗ್ಗಿ ನೋಡಿ ಬಾಯಿಬಿಟ್ಟು ಹೇಳಿ. ಹೊಡೆದ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಟಚಿಂಗ್ ಬಾಲ್ ಇನ್ನೊಂದು ತಲೆನೋವು. ಬಿಳಿ ನಿಮ್ಮ ಚೆಂಡಿಗೆ ಅಂಟಿ ನಿಂತಿದೆ ಅಂದುಕೊಳ್ಳಿ. ಸ್ನೂಕರ್‌ನಲ್ಲಾದರೆ ಅದನ್ನು ಅಲುಗಿಸದೆ ಬಿಳಿಯನ್ನು ಆಚೆ ಹೊಡೆದರೂ ತಾಗಿದಂತೆಯೇ ಲೆಕ್ಕ. ಪೂಲ್‌ನಲ್ಲಿ ಹಾಗಲ್ಲ, ಆಚೆ ಹೊಡೆದರೆ ಆ ಚೆಂಡನ್ನು ಮುಟ್ಟಿದಂತೆ ಆಗುವುದಿಲ್ಲ. ಬದಲಿಗೆ, ಅಂಟಿರುವ ಚೆಂಡಿನ ಕಡೆಗೇ ಮಾಮೂಲಿ ಸ್ಟ್ರೋಕ್ ಹೊಡೆಯಬಹುದು. ಸ್ನೂಕರ್‌ನವರು ಅದಕ್ಕೆ ‘ಪುಶ್’ (ಬಿಳಿಯನ್ನು ಹೊಡೆಯದೆ ತಳ್ಳಿದ ಫೌಲ್) ಅಂತ ಕೂಗುತ್ತಾರೆ, ಕೂಗಲಿ ಬಿಡಿ.

ಆದರೆ ನಡುವೆ ಒಂದು ಸಣ್ಣ ಸಂದು ಇದ್ದರೆ ಕಥೆಯೇ ಬೇರೆ. ಚಾಕ್ ತುಂಡಿನಷ್ಟು ಅಥವಾ ಅದಕ್ಕಿಂತ ಕಡಿಮೆ ಸಂದಿನಲ್ಲಿ ನೇರವಾಗಿ ಮುಂದಕ್ಕೆ ಹೊಡೆದರೆ, ಬಿಳಿ ಮುಂದಿನ ಚೆಂಡಿಗೆ ತಾಗಿ ನಿಧಾನವಾಗುವಷ್ಟರಲ್ಲಿ ಕ್ಯೂ (ಹೊಡೆಯುವ ಕೋಲು) ತುದಿ ಹಿಂದಿನಿಂದ ಮತ್ತೊಮ್ಮೆ ತಾಗಿಬಿಡುತ್ತದೆ. ಅದು ಡಬಲ್ ಹಿಟ್, ಫೌಲ್. ಕಂಡುಹಿಡಿಯುವುದು ಸುಲಭ: ಎರಡೂ ಚೆಂಡು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಜೊತೆಜೊತೆಗೆ ಹೊರಟರೆ ತುದಿ ಎರಡು ಸಲ ತಾಗಿದೆ ಎಂದರ್ಥ. ತಪ್ಪಿಸಬೇಕಾದರೆ ಕ್ಯೂ ಹಿಂಭಾಗ ಎತ್ತಿ ಚಿಕ್ಕದಾಗಿ ಹೊಡೆಯಿರಿ, ಇಲ್ಲವೇ ಚೆಂಡಿನ ಅಂಚಿಗೆ ತೆಳುವಾಗಿ ತಾಗಿಸಿ.

ಫೌಲ್ ಆದರೆ ಬಿಳಿಯನ್ನು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಡಬಹುದು, ಬ್ರೇಕ್ ಫೌಲ್ ಬಿಟ್ಟು. ಅದರಲ್ಲಿ ಹೆಡ್ ಸ್ಟ್ರಿಂಗ್ (ಬ್ರೇಕ್ ಹೊಡೆಯುವ ಕಡೆಯ ಅಡ್ಡಗೆರೆ) ಗೆರೆಯ ಹಿಂದೆಯೇ ಇಡಬೇಕು. ‘ಫೌಲ್‌ಗೆ ಎರಡು ಶಾಟ್’ ಅನ್ನುವುದು ಇಂಗ್ಲೆಂಡಿನ ಪಬ್‌ಗಳ ಚಿಕ್ಕ ಮೇಜಿನ ಕೆಂಪು-ಹಳದಿ ಚೆಂಡಿನ ಆಟದ್ದು, ಇಲ್ಲಿಗೆ ತರಬೇಡಿ.

ಪಾಟ್ ಮಾಡುವಾಗ ಚೆಂಡು ಮತ್ತು ಪಾಕೆಟ್ ಹೇಳಿದರೆ ಸಾಕು. ಯಾವ ಕುಷನ್, ಯಾವ ಚೆಂಡಿಗೆ ತಾಗಿ ಹೋಗುತ್ತದೆ ಎಂದೆಲ್ಲ ಹೇಳಬೇಕಾಗಿಲ್ಲ. ಎದುರಿಗೇ ಕಾಣುವ ಶಾಟ್‌ಗೆ ಹೇಳುವ ಅಗತ್ಯವೂ ಇಲ್ಲ. ‘ಸೇಫ್ಟಿ’ ಎಂದು ಮೊದಲೇ ಹೇಳಿದರೆ ನಿಮ್ಮ ಚೆಂಡು ಬಿದ್ದರೂ ಸರದಿ ಎದುರಾಳಿಗೆ ಹೋಗುತ್ತದೆ. ಕ್ಲಬ್ ಆಟಗಾರರು ಇದನ್ನು ಬಳಸುವುದು ಕಡಿಮೆ. 8 ಸಿಕ್ಕಿಬಿದ್ದಿರುವಾಗ ನಿಮ್ಮ ಕೊನೆಯ ಚೆಂಡನ್ನು ಸೇಫ್ಟಿ ಹೇಳಿ ಬೀಳಿಸಿ, ಎದುರಾಳಿಯ ಕೈಗೆ ಕಷ್ಟದ ಮೇಜು ಕೊಡಬಹುದು.

ಲೀಗ್ ಶುರುವಾಗುವ ಮೊದಲು ನೀವೇ ನಿರ್ಧರಿಸಬೇಕಾದದ್ದು ಒಂದಿದೆ. ಅಂಗಿಯ ತೋಳೋ ಕೈಯೋ ಯಾವ ಚೆಂಡಿಗೆ ತಾಗಿದರೂ ಮೂಲ ನಿಯಮದಲ್ಲಿ ಫೌಲ್. ರೆಫರಿ ಇಲ್ಲದ ಕಡೆ ಬಿಳಿಗೆ ತಾಗಿದರೆ ಮಾತ್ರ ಫೌಲ್ ಎಂದು ಇಟ್ಟುಕೊಳ್ಳುವುದು ವಾಸಿ. ಬೇರೆ ಚೆಂಡು ಅಲುಗಿದರೆ ಅದನ್ನು ಮೊದಲಿನ ಜಾಗಕ್ಕೆ ಇಡಬೇಕೋ ಹಾಗೇ ಬಿಡಬೇಕೋ ಎಂಬುದನ್ನು ಎದುರಾಳಿ ಹೇಳಲಿ.