ಸ್ಟೀರಿಂಗ್ ಅಂಟಿಸುವ ಮೊದಲು ಇಸವಿ ನಿಶ್ಚಯಿಸಿ

ನಿನ್ನೆ ನೀವು ಹಾಕಿದ ಚಿತ್ರಗಳನ್ನು ನೋಡಿ ಉತ್ತರ ಬರೆಯದೆ ಇರಲಾಗಲಿಲ್ಲ. ಅಮೆರಿಕದ ಕೆನ್‌ವರ್ತ್ ಡಬ್ಲ್ಯು-925 ಲಾರಿಯ ಪ್ಲಾಸ್ಟಿಕ್ ಮಾಡೆಲ್, ಎಎಂಟಿ ಕಂಪನಿಯ 1/25 ಅಳತೆಯ ಕಿಟ್, ಸ್ಟೀರಿಂಗ್ ಚಕ್ರ ಮಾತ್ರ ಬಲಕ್ಕೆ ಬಂದಿದೆ, ಮುಂದೆ ಥಳಥಳಿಸುವ ಬುಲ್‌ಬಾರ್, ಪೀಠದ ಮೇಲೆ ‘ಆಲಿಸ್ ಸ್ಪ್ರಿಂಗ್ಸ್, 1950, ಆಸ್ಟ್ರೇಲಿಯಾದಲ್ಲಿ ತಯಾರಾದ ರೋಡ್ ಟ್ರೇನ್’ ಎಂಬ ಫಲಕ (ರೋಡ್ ಟ್ರೇನ್ ಎಂದರೆ ಹಲವು ಟ್ರೇಲರ್‌ಗಳನ್ನು ಒಟ್ಟಿಗೆ ಎಳೆಯುವ ಲಾರಿ). ಇನ್ನು ಬಣ್ಣವಷ್ಟೇ ಬಾಕಿ ಎಂದಿದ್ದೀರಿ. ದಯವಿಟ್ಟು ತಡೆಯಿರಿ. ನನ್ನ ಮೊದಲ ಆಸ್ಟ್ರೇಲಿಯನ್ ಲಾರಿಯನ್ನು ನಾನು ಕೆಡಿಸಿದ್ದು ಹೀಗೆಯೇ. ಬಣ್ಣ ಒಣಗಿದ ಮೇಲೆ ಕ್ಯಾಬ್ ಬಿಚ್ಚುವ ಕಷ್ಟ ನಿಮಗೆ ಬೇಡ.

ಮೊದಲು ಇಸವಿ. ನಿಮ್ಮ ಡಬ್ಲ್ಯು-925 ಸೇರಿರುವ ಡಬ್ಲ್ಯು-900 ಸರಣಿ ಅಮೆರಿಕದಲ್ಲೇ ಬಂದದ್ದು 1961ರಲ್ಲಿ. ಎಡ್ ಕ್ಯಾಮರಾನ್ ಎಂಬವರು ಆಸ್ಟ್ರೇಲಿಯಾಕ್ಕೆ ಕೆನ್‌ವರ್ತ್ ತರಿಸಲು ಆರಂಭಿಸಿದ್ದು 1960ರ ದಶಕದ ಮೊದಲ ಭಾಗದಲ್ಲಿ. ಮೆಲ್ಬರ್ನ್ ಹತ್ತಿರದ ಬೇಸ್‌ವಾಟರ್ ಕಾರ್ಖಾನೆಯಿಂದ ಮೊದಲ ಲಾರಿ ಹೊರಬಿದ್ದದ್ದು 1971ರ ಮಾರ್ಚ್‌ನಲ್ಲಿ. ಅದು ಕೆ125ಸಿಆರ್, ‘ಗ್ರೇ ಘೋಸ್ಟ್’ ಎಂದು ಹೆಸರಾದದ್ದು, ಅದೂ ಮೂತಿಯಿಲ್ಲದ, ಎಂಜಿನ್ ಮೇಲೆಯೇ ಕ್ಯಾಬ್ ಕೂತ ಕ್ಯಾಬ್‌ಓವರ್. ಹಾಗಾಗಿ ನಿಮ್ಮ ಫಲಕದಲ್ಲಿ ಇಸವಿಯೂ ತಪ್ಪು, ಆ ಕಾಲಕ್ಕೆ ‘ಆಸ್ಟ್ರೇಲಿಯಾದಲ್ಲಿ ತಯಾರಾದ’ ಎಂಬುದೂ ತಪ್ಪು.

ಅಮೆರಿಕದ ಲಾರಿ ಆಸ್ಟ್ರೇಲಿಯಾಕ್ಕೆ ಬರಲು ಅಷ್ಟು ತಡವೇಕೆ ಎಂದು ನಿಮ್ಮ ಚಿತ್ರಗಳ ಕೆಳಗೆ ಒಬ್ಬರು ಕೇಳಿದ್ದಾರೆ. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸರಕಿಗೆ ಸುಂಕದಲ್ಲಿ ರಿಯಾಯಿತಿ ಇತ್ತು. ಅದರಿಂದ ಭಾರಿ ಲಾರಿ ಎಂದರೆ ಬ್ರಿಟನ್ನಿನ ಲೇಲ್ಯಾಂಡ್, ಎಇಸಿ, ಫೋಡೆನ್ ಎಂಬಂತಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಾಲರ್ ಅಭಾವ ಬಂತು; ಅಮೆರಿಕದ ಸರಕಿಗೆ ಆಮದು ಪರವಾನಗಿ ಸಿಗುವುದೇ ಕಷ್ಟವಾಯಿತು. ಇನ್ನೊಂದು ಕಡೆ, ಹ್ಯೂಸ್ ಅಂಡ್ ವೇಲ್ ಮೊಕದ್ದಮೆಯಲ್ಲಿ 1954ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ (ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠ) ಕೊಟ್ಟ ತೀರ್ಪು ಅಂತರರಾಜ್ಯ ಲಾರಿ ಸಾಗಾಟದ ಮೇಲೆ ರಾಜ್ಯಗಳಿಗಿದ್ದ ಹಿಡಿತವನ್ನು ಸಡಿಲಿಸಿತು. ದೂರದ ಓಟ ಹೆಚ್ಚಿತು, ಹೆಚ್ಚು ಶಕ್ತಿಯ ಎಂಜಿನ್ ಬೇಕಾಯಿತು. 1960ರ ಫೆಬ್ರವರಿಯಲ್ಲಿ ಪ್ರಧಾನಿ ಮೆನ್ಝೀಸ್ ಅವರ ಸರ್ಕಾರ ಬಹುಪಾಲು ಆಮದು ಪರವಾನಗಿಗಳನ್ನು ರದ್ದು ಮಾಡಿದಾಗ ಕೊಳ್ಳುವವರು ಕಾದು ನಿಂತಿದ್ದರು. ಅಮೆರಿಕದ ಮ್ಯಾಕ್ ಕಂಪನಿಯ ಬಿ-61 ಲಾರಿ ಅಲ್ಲಿ ಅಷ್ಟು ಜನಪ್ರಿಯವಾದದ್ದೂ, ಮ್ಯಾಕ್ 1963ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನೆಲೆಯೂರಿದ್ದೂ ಈ ಹಿನ್ನೆಲೆಯಲ್ಲೇ. ಅಮೆರಿಕದ್ದೇ ಆದ ಇಂಟರ್‌ನ್ಯಾಷನಲ್ ಕಂಪನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಅದರ ಡ್ಯಾಂಡೆನಾಂಗ್ ಕಾರ್ಖಾನೆ 1952ರಲ್ಲೇ ಆರಂಭವಾಗಿತ್ತು.

1950 ಎಂಬ ಇಸವಿಯ ಮೇಲೆ ಅಷ್ಟು ಆಸೆಯಿದ್ದರೆ ಈ ಕಿಟ್ ಪಕ್ಕಕ್ಕಿಟ್ಟು ಯುದ್ಧಕಾಲದ ಅಮೆರಿಕನ್ ಲಾರಿ ಡೈಮಂಡ್ ಟಿ 980 ಹಿಡಿಯಿರಿ. ಮೆರಿಟ್‌ನ 1/35 ಕಿಟ್ ಇದೆ. ಕರ್ಟ್ ಜೊಹಾನ್ಸನ್ ಎಂಬ ಸಾಗಣೆದಾರರು ಯುದ್ಧ ಮುಗಿದ ಬೆನ್ನಿಗೇ, 1946ರ ಸುಮಾರಿಗೆ, ಯುದ್ಧ ಟ್ಯಾಂಕ್ ಎಳೆಯಲೆಂದು ಬಂದಿದ್ದ ಡೈಮಂಡ್ ಟಿಯನ್ನು ಸೇನೆಯ ಹೆಚ್ಚುವರಿ ಸಾಮಾನಿನಿಂದ ಕೊಂಡು, ಆಲಿಸ್ ಸ್ಪ್ರಿಂಗ್ಸ್ ಸುತ್ತ ದನ ಸಾಗಿಸುವ ರೋಡ್ ಟ್ರೇನ್ ಮಾಡಿದರು. ಅದರ ಹೆಸರು ‘ಬರ್ತಾ’. ಕಿಟ್‌ನ ಜೊತೆ ಬರುವ ಟ್ಯಾಂಕ್ ಟ್ರೇಲರ್ ಅದಕ್ಕೆ ಹೊಂದುವುದಿಲ್ಲ. ಮುಂದಿನದರ ಜಾಡಿನಲ್ಲೇ ಹಿಂದಿನದು ಬರುವಂತೆ ತಿರುಗುವ ಟ್ರೇಲರ್‌ಗಳನ್ನು ಅವರು ತಾವೇ ಕಟ್ಟಿದರು. ನೀವೂ ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಬೇಕಾಗುತ್ತದೆ. ಸ್ಟೀರಿಂಗ್ ವಿಷಯದಲ್ಲಿ ಇಲ್ಲಿ ಆತುರ ಬೇಡ. ಡೈಮಂಡ್ ಟಿ 980 ಎಡ ಸ್ಟೀರಿಂಗ್‌ನಲ್ಲೇ ತಯಾರಾದ ಗಾಡಿ. ಬದಲಿಸಿದ್ದಕ್ಕೆ ಚಿತ್ರದ ಪುರಾವೆ ಸಿಗದಿದ್ದರೆ ಎಡಕ್ಕೇ ಬಿಡಿ.

ಡಬ್ಲ್ಯು-925ನ್ನೇ ಮುಂದುವರಿಸುವುದಾದರೆ ಬಲ ಸ್ಟೀರಿಂಗ್ ಸರಿಯಾಗಿ ಆಗಬೇಕು. ಚಕ್ರವನ್ನು ಕಿತ್ತು ಬಲಕ್ಕೆ ಅಂಟಿಸಿದರೆ ಮುಗಿಯಲಿಲ್ಲ. ನಾನು ಮಾಡುವ ಕ್ರಮ ಹೇಳುತ್ತೇನೆ. ಡ್ಯಾಶ್‌ಬೋರ್ಡ್‌ನ ಮೀಟರ್ ಭಾಗವನ್ನು ರೇಜರ್ ಗರಗಸದಿಂದ ಕತ್ತರಿಸಿ ತೆಗೆಯಿರಿ, ಬಲತುದಿಯಿಂದ ಅಷ್ಟೇ ಅಗಲದ ತುಂಡು ತೆಗೆಯಿರಿ, ಎರಡನ್ನೂ ಅದಲುಬದಲು ಮಾಡಿ. ಗರಗಸ ತಿಂದ ಸಂದಿಗೆ 0.5 ಮಿ.ಮೀ. ಪಟ್ಟಿ ಕೊಡಿ, ಪುಟ್ಟಿಯಿಂದಲೇ ತುಂಬಿದರೆ ಉಜ್ಜುವಾಗ ಕುಳಿ ಬೀಳುತ್ತದೆ. ಪೆಡಲ್‌ಗಳು ಬಲಕ್ಕೆ ಸರಿಯಬೇಕು, ಆದರೆ ಅನುಕ್ರಮ ಬದಲಾಗಕೂಡದು: ಎಡದಿಂದ ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಟ್ಟ ಪೆಡಲ್‌ಗಳನ್ನು ಈ ಗುಂಪಿನಲ್ಲೇ ಎಷ್ಟೋ ಸಲ ನೋಡಿದ್ದೇನೆ. ಗೇರ್ ಕಡ್ಡಿ ನಡುವೆಯೇ ಇರಲಿ, ಅದರ ಬಾಗು ಮಾತ್ರ ಚಾಲಕನ ಕಡೆಗೆ ತಿರುಗಬೇಕು.

ಹೆಚ್ಚಿನವರು ಕ್ಯಾಬ್ ಒಳಗಿನ ಕೆಲಸ ಮುಗಿಸಿ ಅಲ್ಲಿಗೇ ನಿಲ್ಲುತ್ತಾರೆ. ಬಾನೆಟ್ ತೆರೆದು ತೋರಿಸುವ ಮಾಡೆಲ್‌ಗೆ ಅದು ಸಾಲದು. ಸ್ಟೀರಿಂಗ್ ಬಾಕ್ಸ್ ಚಾಸಿಯ ಬಲ ಪಟ್ಟಿಗೆ ಬರಬೇಕು, ಅದರ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ತೋಳು (ಪಿಟ್‌ಮನ್ ಆರ್ಮ್) ಮತ್ತು ಸಲಾಕೆ (ಡ್ರ್ಯಾಗ್ ಲಿಂಕ್) ಅದರೊಂದಿಗೆ ಬರಬೇಕು, ಮುಂಭಾಗದ ಆಕ್ಸಲ್‌ನ ಬಲತುದಿಯಲ್ಲಿ ಚಕ್ರ ತಿರುಗುವ ಕೀಲಿಗೆ (ನಕಲ್) ಸ್ಟೀರಿಂಗ್ ಆರ್ಮ್ ಬೇಕು. ಕಮಿನ್ಸ್ ಎನ್‌ಎಚ್ ಕುಟುಂಬದ ಎಂಜಿನ್ ಕೂರಿಸುವುದಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೊ ಬಲಗಡೆಯೇ ಇರುತ್ತವೆ. ಸ್ಟೀರಿಂಗ್ ಶಾಫ್ಟ್ ಈಗ ಅವುಗಳ ಪಕ್ಕದಲ್ಲೇ ಹಾದುಹೋಗಬೇಕು. ಆದ್ದರಿಂದ ಎಂಜಿನ್ ಅಂಟಿಸುವ ಮೊದಲು 1 ಮಿ.ಮೀ. ಹಿತ್ತಾಳೆ ತಂತಿ ಹಾಕಿ ಹಾದಿ ನೋಡಿಕೊಳ್ಳಿ. ಎಂಜಿನ್ ಅಂಟಿದ ಮೇಲೆ ಆ ಜಾಗಕ್ಕೆ ಇಕ್ಕಳವೂ ಹೋಗುವುದಿಲ್ಲ. ಬಿ-61 ಮಾಡುವವರಿಗೂ ಒಂದು ಮಾತು: ಮ್ಯಾಕ್‌ನ ಡ್ಯುಪ್ಲೆಕ್ಸ್, ಟ್ರಿಪ್ಲೆಕ್ಸ್, ಕ್ವಾಡ್ರುಪ್ಲೆಕ್ಸ್ ಗೇರ್‌ಬಾಕ್ಸ್‌ಗಳಿಗೆ ಸಾಮಾನ್ಯವಾಗಿ ಗೇರ್ ಕಡ್ಡಿ ಎರಡು. ಒಂದೇ ಕಡ್ಡಿಯ ಬಿ-61 ಹಾಕಿ ‘ಕ್ವಾಡ್ರುಪ್ಲೆಕ್ಸ್’ ಎಂದು ಬರೆಯಬೇಡಿ.

ಪುಟ್ಟಿ, ಪ್ರೈಮರ್ ಬಗ್ಗೆ ಕೇಳಿದ್ದೀರಿ. ಡ್ಯಾಶ್‌ನ ಸಂದಿಗೆ ದಪ್ಪ ಪ್ರೈಮರ್ ಆದ ಮಿಸ್ಟರ್ ಸರ್ಫೇಸರ್ 500, ಮೇಲೆ 1000; ಬಣ್ಣಕ್ಕೆ ತಮಿಯಾ ಆಕ್ರಿಲಿಕ್. ಆಟೊಮೊಬೈಲ್ ಅಂಗಡಿಯ ಸ್ಪ್ರೇ ಡಬ್ಬಿ ಅಗ್ಗವೆಂದು ಹೊಡೆಯಬೇಡಿ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಮಳೆಗಾಲದಲ್ಲಿ ಹೊಳಪು ವಾರ್ನಿಷ್ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಬಿಸಿಲಿನ ದಿನಕ್ಕೆ ಕಾಯಿರಿ.

ಧೂಳಿಗೆ ಮಾತ್ರ ದುಡ್ಡು ಸುರಿಯಬೇಡಿ. ವಾಯೆಹೊ ಕಂಪನಿಯ ಬಣ್ಣದ ಪುಡಿಗಳು ಚೆನ್ನಾಗಿವೆ, ಆದರೆ ನಮ್ಮ ಕೆಮ್ಮಣ್ಣು ಸಾಕು. ಒಣಗಿಸಿ, ಅರೆದು, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ. ಜರಡಿಯಲ್ಲಿ ಸೋಸಿದ್ದು 1/25ಕ್ಕೆ ಜಲ್ಲಿಯಂತೆ ಕಾಣುತ್ತದೆ. ಎಲ್ಲಿ ಹಚ್ಚುತ್ತೀರಿ ಎಂಬುದಕ್ಕೂ ಇತಿಹಾಸ ನೋಡಿ: ಆಲಿಸ್‌ನಿಂದ ಉತ್ತರಕ್ಕೆ ಡಾರ್ವಿನ್ ಕಡೆಯ ಸ್ಟುವರ್ಟ್ ಹೆದ್ದಾರಿಗೆ ಯುದ್ಧಕಾಲದಲ್ಲೇ ಡಾಂಬರು ಬಿತ್ತು. ದಕ್ಷಿಣಕ್ಕೆ ಪೋರ್ಟ್ ಆಗಸ್ಟಾ ಕಡೆಯದು ಪೂರ್ತಿ ಡಾಂಬರು ಕಂಡದ್ದು 1987ರಲ್ಲಿ. ದಕ್ಷಿಣದಿಂದ ಬಂದ ಲಾರಿಗೆ ಕ್ಯಾಬ್ ಒಳಗೂ, ಡೀಸೆಲ್ ಟ್ಯಾಂಕ್ ಮೇಲೂ, ಟ್ರೇಲರ್‌ನ ಮುಂಗೋಡೆಗೂ ಕೆಂಪು ಕೂರಲಿ. ಡಾರ್ವಿನ್ ಹೆದ್ದಾರಿಯಲ್ಲೇ ಓಡುವ ಲಾರಿಗೆ ಚಕ್ರದ ಕಮಾನಿನೊಳಗೆ ಸ್ವಲ್ಪ ಸಾಕು. ದನದ ಲಾರಿಯಾದರೆ ಕ್ರೇಟ್‌ನ ಹೊರಗೋಡೆಗೆ ಸಗಣಿ ಹರಿದ ಗುರುತುಗಳನ್ನು ಎಣ್ಣೆ ಬಣ್ಣದಲ್ಲಿ ಕೊಡಿ. ಅದಕ್ಕೆ ಮೊದಲು ಮ್ಯಾಟ್ ವಾರ್ನಿಷ್ ಹೊಡೆಯುವುದನ್ನು ಮರೆಯಬೇಡಿ.

ಬಿಚ್ಚಿದ ಕ್ಯಾಬ್‌ನ ಚಿತ್ರವನ್ನು ಬಲ ಕೆಳಗಿನಿಂದ ತೆಗೆದು ಹಾಕಿ. ಶಾಫ್ಟ್‌ನ ಹಾದಿ ಎಲ್ಲಿ ಸಿಗುತ್ತದೆ ಎಂದು ಗುರುತು ಮಾಡಿ ಕೊಡುತ್ತೇನೆ.