ಹುಳು ಗಂಟೆ ಹೇಳುವುದಿಲ್ಲ

ಮಾನ್ಯರೇ,

ಕಳೆದ ಸಂಚಿಕೆಯ ಪತ್ತೇದಾರಿ ಕಥೆಯಲ್ಲಿ ವೈದ್ಯರು ಶವದ ಮೇಲಿನ ಹುಳುಗಳನ್ನು ನೋಡಿದವರೇ ‘ಮಂಗಳವಾರ ರಾತ್ರಿ ಹತ್ತಕ್ಕೆ ಸತ್ತಿದ್ದಾನೆ’ ಎನ್ನುತ್ತಾರಲ್ಲ, ಅದು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವಿಲ್ಲ. ಆ ಸಾಲನ್ನು ಅಚ್ಚಿಗೆ ಕಳುಹಿಸುವ ಮೊದಲೇ ನಾವು ತಡೆಯಬೇಕಿತ್ತು.

ಮೈಯ ಬಿಸಿ ಇಳಿಯುವುದು, ರಕ್ತ ಕೆಳಗಿಳಿದು ಕಲೆಗಟ್ಟುವುದು, ಸ್ನಾಯುಗಳು ಸೆಟೆದು ಮತ್ತೆ ಸಡಿಲಗೊಳ್ಳುವುದು, ಇವೆಲ್ಲ ಮೊದಲ ಒಂದೆರಡು ದಿನಗಳ ಸಾಕ್ಷ್ಯಗಳು. ಶವ ಕೊಳೆತು ಇವು ಅಳಿಸಿಹೋದ ಮೇಲೆ ಸಾಕ್ಷ್ಯ ಹೇಳುವ ಸರದಿ ಕೀಟಗಳದು. ಹಸಿರು, ನೀಲಿ ಹೊಳಪಿನ ನೊಣಗಳು ಕಣ್ಣು, ಮೂಗು, ಬಾಯಿ, ಗಾಯಗಳಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಹುಳು ಎರಡು ಬಾರಿ ಪೊರೆ ಕಳಚಿ, ತಿಂದು ಕೊಬ್ಬಿದ ಬಳಿಕ ಸಾಮಾನ್ಯವಾಗಿ ಶವವನ್ನು ಬಿಟ್ಟು ಹತ್ತಿರದ ಮಣ್ಣಿಗೆ ಸರಿದು ಕೋಶ ಕಟ್ಟುತ್ತದೆ. ಆದ್ದರಿಂದ ಸುತ್ತಲಿನ ಮಣ್ಣನ್ನೂ ಜಾಲಾಡಬೇಕು. ಸಂಗ್ರಹಿಸಿದ ಹುಳುಗಳಲ್ಲಿ ಕೆಲವನ್ನು ಬಿಸಿನೀರಿಗೆ ಹಾಕಿ ಕೊಂದು ಆಲ್ಕೊಹಾಲಿನಲ್ಲಿಡುತ್ತಾರೆ. ಉಳಿದವನ್ನು, ಯಾವ ಜಾತಿಯ ನೊಣವೆಂದು ಖಚಿತಪಡಿಸಿಕೊಳ್ಳಲು, ರೆಕ್ಕೆ ಬರುವವರೆಗೂ ಸಾಕುತ್ತಾರೆ.

ಹುಳುವಿನ ಬೆಳವಣಿಗೆ ನಡೆಯುವುದು ಸುತ್ತಲಿನ ಶಾಖವನ್ನು ಅನುಸರಿಸಿ. ಸ್ಕಾಟ್ಲೆಂಡಿನ ಮಾಫಟ್ ಬಳಿಯ ಕಮರಿಯಲ್ಲಿ 1935ರ ಸೆಪ್ಟೆಂಬರ್ 29ರಂದು ಇಬ್ಬರು ಮಹಿಳೆಯರ ತುಂಡರಿಸಿದ ದೇಹಗಳು ಸಿಕ್ಕಾಗ, ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಗ್ಸಾಂಡರ್ ಮೇರ್ನ್ಸ್ ಅವುಗಳ ಮೇಲಿದ್ದ ಹುಳುಗಳಿಗೆ 12ರಿಂದ 14 ದಿನ ವಯಸ್ಸಾಗಿದೆ ಎಂದರು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ವೈದ್ಯನಾಗಿದ್ದ ಬಕ್ ರಕ್ಸ್‌ಟನ್‌ನ ಪತ್ನಿ ಕಡೆಯದಾಗಿ ಕಂಡದ್ದು ಸೆಪ್ಟೆಂಬರ್ 14ರಂದು, ಮನೆಗೆಲಸದ ಯುವತಿಯೂ ಅದೇ ಹೊತ್ತಿಗೆ ಕಾಣೆಯಾಗಿದ್ದಳು; ಸಿಕ್ಕ ದೇಹಗಳು ಇವರಿಬ್ಬರವೇ, ಲೆಕ್ಕ ಕೂಡಿತು. ಆದರೆ ಹುಳುಗಳು ಹೇಳಿದ್ದು ದೇಹಗಳು ನೊಣಕ್ಕೆ ಸಿಕ್ಕ ದಿನವನ್ನಷ್ಟೇ, ಕೊಂದ ದಿನವನ್ನಾಗಲಿ ಕೊಂದವನು ರಕ್ಸ್‌ಟನ್ ಎಂಬುದನ್ನಾಗಲಿ ಅಲ್ಲ. ತನಿಖೆಯನ್ನು ಲ್ಯಾಂಕಾಸ್ಟರಿಗೆ ತಿರುಗಿಸಿದ್ದು ದೇಹಗಳಿಗೆ ಸುತ್ತಿದ್ದ, ಆ ಪ್ರದೇಶದಲ್ಲಷ್ಟೇ ಮಾರಾಟವಾದ ಪತ್ರಿಕೆಯ ಹಾಳೆ. (ಪತ್ರಿಕೆಯವರಾದ ನಮಗೆ ಇದು ಸ್ವಲ್ಪ ಹೆಮ್ಮೆಯ ವಿಷಯವೇ.) ಸ್ಕಾಟ್ಲೆಂಡಿನ ಆ 12 ದಿನಗಳ ಬೆಳವಣಿಗೆಗೆ ರಾಯಚೂರಿನ ಮೇ ತಿಂಗಳಲ್ಲಿ ಒಂದು ವಾರವೂ ಬೇಡ. ಹುಳುಗಳು ಗುಂಪಾಗಿ ಮುತ್ತಿಕೊಂಡಾಗ ಅವುಗಳದೇ ಶಾಖ ಸೇರಿ ಬೆಳವಣಿಗೆ ಇನ್ನೂ ಚುರುಕಾಗುತ್ತದೆ. ಮುಚ್ಚಿದ ಕೋಣೆ, ಸುತ್ತಿದ ಬಟ್ಟೆ, ಬಿಡದ ಮಳೆ ಇವು ನೊಣ ಬರುವುದನ್ನೇ ತಡಮಾಡುತ್ತವೆ. ಹೀಗಾಗಿ ತಜ್ಞರು ಕೊಡುವುದು ‘ಕನಿಷ್ಠ ಇಷ್ಟು ದಿನ’ ಎಂಬ ಲೆಕ್ಕವನ್ನು.

ಇನ್ನೊಂದು ತಪ್ಪನ್ನು ನೀವು ಔದಾರ್ಯದಿಂದ ಬಿಟ್ಟಿರಬಹುದು: ಈ ನೊಣಗಳು ಕತ್ತಲಲ್ಲಿ ಮೊಟ್ಟೆಯಿಡುವುದು ಅಪರೂಪ. ರಾತ್ರಿ ಹತ್ತಕ್ಕೆ ಸತ್ತವನ ಮೇಲಿನ ಹುಳುಗಳ ವಯಸ್ಸನ್ನು ಬಹುಪಾಲು ಬುಧವಾರ ಬೆಳಗಿನಿಂದಲೇ ಎಣಿಸಬೇಕಾಗುತ್ತದೆ. ನಿಮ್ಮ ಪತ್ರವನ್ನು ಕಥೆಗಾರರಿಗೆ ತಲುಪಿಸಿದ್ದೇವೆ.

- ಸಂಪಾದಕ